ಗಿಳಿ ಕಚ್ಚಿದ ಪೇರಳೆ

ನಿಶಾಳ ಫೋನು ಬಂದಾಗ ನಾನೂ ನನ್ನ ಗಂಡ ಮೋಹನರೂ ಹಿಂದಿನ ಜಗಲಿಯಲ್ಲಿ ಕುಳಿತು ಸಂಜೆಯ ಚಹಾ ಕುಡಿಯುತ್ತಿದ್ದೆವು. ನಿಶಾ ನನ್ನ ತಂಗಿ. ತಿರುವನಂತಪುರದ ಉಳ್ಳೂರಿನಲ್ಲಿ ಗಂಡ ರಂಜನ್ ಮತ್ತು ಏಳು ವರ್ಷದ ಮಗಳು ಪ್ರತೀಕ್ಷಾಳ ಜೊತೆ ಫ್ಲಾಟಿನಲ್ಲಿದ್ದಾಳೆ. ನಾವಿರುವುದು ಕೊಚ್ಚಿಯ ಕಳಮಶ್ಶೇರಿಯಲ್ಲಿ. ನಮಗೆ ಮಕ್ಕಳಿಲ್ಲ. ಆದ್ದರಿಂದ ಬೇಸಿಗೆ ರಜೆ ಬಂತೆಂದರೆ ಪ್ರತೀಕ್ಷಾ ನಮ್ಮ ಪಾಲು. ಈ ಸಲವೂ ಮೇ ತಿಂಗಳಲ್ಲಿ ಬಂದು ಎರಡು ವಾರ ಇದ್ದು, ಕಳೆದ ವಾರವಷ್ಟೇ ಅಪ್ಪನ ಜೊತೆ ರೈಲು ಹತ್ತಿದ್ದಳು.

“ಅಕ್ಕ, ಇವಳಿಗೆ ಜ್ವರ. ನಿನ್ನೆಯಿಂದ ಇಳಿಯುದೇ ಇಲ್ಲ,” ಎಂದಳು ನಿಶಾ. “ತಲೆನೋವು ಅಂತ ಒಂದೇ ಸಮ ಅಳ್ತಾಳೆ. ಎರಡು ಸಲ ವಾಂತಿ ಆಯ್ತು.”

ಮಕ್ಕಳಿಗೆ ಜ್ವರ ಬರುವುದು ಹೊಸದೇನಲ್ಲ. ಮಳೆ ಶುರುವಾಗುವ ಹೊತ್ತಿಗೆ ಕೇರಳದಲ್ಲಿ ಜ್ವರ ಇಲ್ಲದ ಮನೆ ಹುಡುಕಬೇಕು. ಒದ್ದೆ ಬಟ್ಟೆ ಹಾಕು, ಗಂಜಿ ತಿಳಿ ಕುಡಿಸು, ನಾಳೆಯೂ ಇಳಿಯದಿದ್ದರೆ ಡಾಕ್ಟರಿಗೆ ತೋರಿಸು ಎಂದು ದೊಡ್ಡಕ್ಕನ ಗತ್ತಿನಲ್ಲಿ ಹೇಳಿ ಫೋನಿಟ್ಟೆ. ತಿರುಗಿ ನೋಡಿದರೆ ಮೋಹನರ ಚಹಾ ಅರ್ಧಕ್ಕೇ ನಿಂತಿತ್ತು. ಅವರು ಹೈಕೋರ್ಟಿನಲ್ಲಿ ವಕೀಲರು. ಆ ಮುಖ ಸುಲಭಕ್ಕೆ ಯಾವ ಗುಟ್ಟನ್ನೂ ಬಿಟ್ಟುಕೊಡುವಂಥದ್ದಲ್ಲ. ಅವತ್ತು ಬಿಟ್ಟುಕೊಟ್ಟಿತು.

“ಎಂತಾಯ್ತು ನಿಮಗೆ?”

“ಎಂತ ಇಲ್ಲ.”

“ಎಂತ ಇಲ್ಲದವರು ಹೀಗೆ ಬೆವರುದಾ?”

ಅವರು ತೋಟದ ಕಡೆ ನೋಡಿದರು. ಆಮೇಲೆ ನನ್ನ ಕಡೆ ನೋಡದೆಯೇ ಹೇಳಿದರು. “ಅವಳು ಹೋಗುವ ಎರಡು ದಿವಸ ಮೊದಲು ಒಂದು ಪೇರಳೆ ಕೊಯ್ದು ಕೊಟ್ಟಿದ್ದೆ ಮಾರಾಯ್ತಿ. ಗಿಳಿ ಕಚ್ಚಿದ್ದು.”

ನನ್ನ ಎದೆ ಧಸಕ್ಕೆಂದಿತು. ಯಾಕೆಂದು ಹೇಳಬೇಕಾದರೆ ಎರಡು ಸಂಗತಿ ಹೇಳಬೇಕು. ಒಂದು ನಮ್ಮ ಊರಿನದು, ಇನ್ನೊಂದು ನನ್ನ ತೋಟದ್ದು.

ನಮ್ಮಿಬ್ಬರದೂ ಕಾಸರಗೋಡಿನ ಕಡೆ. ಅಲ್ಲಿ ನಾವು ಬೆಳೆದದ್ದೇ ಕಚ್ಚಿದ ಹಣ್ಣು ತಿಂದು. ಮರದಲ್ಲಿ ಹತ್ತು ಪೇರಳೆ ಇದ್ದರೆ ಅಮ್ಮ ಗಿಳಿಯೋ ಅಳಿಲೋ ಕಚ್ಚಿದ್ದನ್ನೇ ಹುಡುಕಿ ದೋಟಿ ಹಾಕಿ ಎಳೆಯುತ್ತಿದ್ದಳು. ಕಚ್ಚಿದ ಭಾಗವನ್ನು ಕತ್ತರಿಸಿ ಬಿಸಾಡಿ, ಉಳಿದದ್ದನ್ನು ಮಕ್ಕಳ ಕೈಗೆ ಕೊಡುತ್ತಿದ್ದಳು. ಗಿಳಿಗೆ ತಿಳಿದಷ್ಟು ಹಣ್ಣಿನ ರುಚಿ ಮನುಷ್ಯರಿಗೆ ತಿಳಿಯುವುದಿಲ್ಲ ಎಂಬುದು ನಮ್ಮ ಕಡೆಯ ನಂಬಿಕೆ. ಆದರೆ ಇಲ್ಲಿ ನಿಪಾ ರೋಗ ಬಂದುಹೋದ ಮೇಲೆ ಶಾಲೆಯ ಮಕ್ಕಳಿಗೂ ಗೊತ್ತು, ಕಚ್ಚಿದ ಹಣ್ಣು ಮುಟ್ಟಬಾರದು. ಅದು ಬಾವಲಿ ಕಚ್ಚಿದ್ದಾದರೆ ಅದರ ಜೊಲ್ಲಿನಲ್ಲಿ ಆ ರೋಗ ಇದ್ದೀತು. ಎಲ್ಲ ಬಾವಲಿಗಳಲ್ಲೂ ಇರುವುದಿಲ್ಲ, ಎಲ್ಲ ಕಾಲದಲ್ಲೂ ಇರುವುದಿಲ್ಲ. ಇದ್ದರೆ ಮಾತ್ರ ಮೊದಲು ಜ್ವರ, ತಲೆನೋವು, ವಾಂತಿ. ಆಮೇಲೆ ಮಿದುಳಿಗೆ ಏರುತ್ತದೆ. ಏರಿದ ಮೇಲೆ ಉಳಿಯುವವರು ಕಡಿಮೆ. ನಮ್ಮ ಮೋಹನರಿಗೂ ಇದೆಲ್ಲ ಗೊತ್ತು. ಇಂಗ್ಲಿಷಿನಲ್ಲಿ ವಾದಿಸುತ್ತಾರೆ, ಕಕ್ಷಿಗಾರರ ಜೊತೆ ಮಲಯಾಳ ಮಾತಾಡುತ್ತಾರೆ, ಹಣ್ಣಿನ ವಿಷಯಕ್ಕೆ ನಾಲಿಗೆ ಮಾತ್ರ ಇನ್ನೂ ಕಾಸರಗೋಡಿನದೇ. ಆ ವಾರ ಮಲಪ್ಪುರಂ ಕಡೆ ಮತ್ತೆ ನಿಪಾ ಕಾಣಿಸಿದೆ ಎಂದು ಟೀವಿಯಲ್ಲಿ ಬೆಳಗಿನಿಂದ ಸಂಜೆವರೆಗೆ ಅದೇ ಸುದ್ದಿ.

ಇನ್ನು ತೋಟ. ಈ ಮನೆ ಕೊಂಡಾಗ ಹಿಂದುಗಡೆ ಹಸಿರು ಚಾಪೆ ಹಾಸಿದ ಹಾಗೆ ವಿದೇಶಿ ಹುಲ್ಲು, ಅಂಚಿಗೆ ಬಣ್ಣಬಣ್ಣದ ಕ್ರೋಟನ್. ಒಂದು ಚಿಟ್ಟೆಯೂ ಕೂರದ ಚೆಂದ. ನಾನು ಕೇಂದ್ರ ಸರಕಾರದ ಕಚೇರಿಯೊಂದರಲ್ಲಿ ಹಗಲೆಲ್ಲ ಫೈಲು ತಿರುವುವವಳು. ಮನೆಗೆ ಬಂದು ಇದನ್ನು ನೋಡಿದರೆ ಇನ್ನೊಂದು ಫೈಲು ನೋಡಿದ ಹಾಗಾಗುತ್ತಿತ್ತು. ಎಲ್ಲ ಕಿತ್ತೆ. ಈ ಮಣ್ಣಿನದೇ ಗಿಡ ತಂದೆ: ಕೇಪಳ, ನೇರಳೆ, ರೆಂಜೆ, ಈಶ್ವರಬಳ್ಳಿ, ಮೂಲೆಯಲ್ಲಿ ಒಂದು ಅತ್ತಿ. ಒಂದು ಸಣ್ಣ ಹೊಂಡ ತೋಡಿಸಿ, ಸೊಳ್ಳೆಮರಿ ತಿನ್ನುವ ಮಾನತ್ತುಕಣ್ಣಿ ಮೀನು ಬಿಟ್ಟೆ. ಬಿದ್ದ ಎಲೆ ಗುಡಿಸುವುದು ನಿಲ್ಲಿಸಿದೆ. ಮೊದಲ ವರ್ಷ ಕಪ್ಪೆ ಬಂತು, ಎರಡನೇ ವರ್ಷ ಈಶ್ವರಬಳ್ಳಿಗೆ ಅಂಗೈ ಅಗಲದ ಹಳದಿ ಕಪ್ಪು ಚಿಟ್ಟೆ ಬಂತು. ಆಮೇಲೆ ಉಡ, ಮರಕುಟಿಗ, ಕೆರೆಹಾವು. “ಮನೆಗೆ ದಾರಿ ಕೇಳಿದವರಿಗೆ, ಕಾಡು ಎಲ್ಲಿ ಶುರುವಾಗ್ತದೋ ಅಲ್ಲಿ ಬೆಲ್ ಒತ್ತಿ ಅಂತ ಹೇಳ್ತೇನೆ,” ಎಂದು ಮೋಹನರು ಗೇಲಿ ಮಾಡುತ್ತಿದ್ದರು. ಅತ್ತಿಹಣ್ಣು ಬಿಚ್ಚಿದರೆ ಬರೀ ಹುಳ, ಅದಕ್ಕೆ ಇಷ್ಟು ಆರೈಕೆಯೇ ಎಂದೂ ಹೇಳುತ್ತಿದ್ದರು. ಅವರ ಹಟಕ್ಕೆ ಉಳಿದದ್ದು ಹಳೆಯ ಪೇರಳೆ ಮರ ಒಂದೇ. ಅದು ಈ ಮಣ್ಣಿನದಲ್ಲ, ಹಡಗಿನಲ್ಲಿ ಬಂದದ್ದು ಎಂದು ನಾನೂ, ಹಕ್ಕಿಗಳು ರೇಷನ್ ಕಾರ್ಡು ಕೇಳುವುದಿಲ್ಲ ಎಂದು ಅವರೂ.

ಹೋದ ವರ್ಷ ಅತ್ತಿ ತುಂಬ ಹಣ್ಣು ಬಿಟ್ಟಿತು. ಮುಸ್ಸಂಜೆಗೆ ಬಾವಲಿಗಳು ಬರಲು ತೊಡಗಿದವು. ನನಗೆ ಆದ ಸಂತೋಷ ಇಷ್ಟಲ್ಲ. ಬಾವಲಿ ಬಂತೆಂದರೆ ಬೀಜ ಬಿತ್ತುವ ಕೂಲಿಯಾಳು ಪುಕ್ಕಟೆ ಸಿಕ್ಕಿದ ಹಾಗೆ. ಫೋಟೋ ತೆಗೆದು, ಗಿಡ ಬೆಳೆಸುವವರ ವಾಟ್ಸಾಪ್ ಗುಂಪಿನಲ್ಲಿ ‘ನಮ್ಮ ಮನೆಗೆ ನೆಂಟರು’ ಎಂದು ಹಾಕಿದ್ದೆ. ತುಂಬ ಜನ ಹೃದಯದ ಚಿಹ್ನೆ ಒತ್ತಿದ್ದರು.

“ಎಷ್ಟು ಹೊತ್ತಿಗೆ ಕೊಯ್ದದ್ದು?” ಎಂದು ಕೇಳಿದೆ.

“ಬೆಳಿಗ್ಗೆ. ಪೇಪರ್ ತರ್ಲಿಕ್ಕೆ ಹೋದಾಗ.”

“ಪೇಪರ್ ಬರುವಾಗ ಕತ್ತಲೆ ಇರ್ತದೆ. ಅಷ್ಟು ಬೇಗ ಗಿಳಿ ಎಲ್ಲಿಂದ ಬರ್ಬೇಕು?”

ನಾನು ಇಳಿದು ಪೇರಳೆ ಮರದ ಬುಡಕ್ಕೆ ಹೋದೆ. ಇನ್ನೂ ಬೆಳಕಿತ್ತು. ಗಿಳಿ ತಿಂದರೆ ಕೊಕ್ಕಿನಿಂದ ಕೊರೆದ ಗುಂಡಿ ಇರುತ್ತದೆ, ನೆಲಕ್ಕೆ ತಿರುಳಿನ ಚೂರು ಬೀಳುತ್ತದೆ. ಬಾವಲಿ ಹಾಗಲ್ಲ. ಅದು ಜಗಿದು, ರಸ ಮಾತ್ರ ಹೀರಿ, ಉಳಿದದ್ದನ್ನು ಉಂಡೆ ಮಾಡಿ ಉಗಿಯುತ್ತದೆ. ಎಲೆಗಳ ಮೇಲೆ ಅಂಥ ಉಂಡೆಗಳು ಬಿದ್ದಿದ್ದವು. ಕೆಲವು ಒಣಗಿದ್ದವು, ಕೆಲವು ಅಂದಿನವು. ಎಷ್ಟೋ ಸಲ ಇವನ್ನು ಬೆರಳಲ್ಲಿ ಎತ್ತಿ ನೋಡಿದವಳು ನಾನು. ಅವತ್ತು ಸೀರೆಯ ನೆರಿಗೆ ಅವಕ್ಕೆ ತಾಗದ ಹಾಗೆ ಹಿಡಿದುಕೊಂಡು ಹಿಂದೆ ಹಿಂದೆ ಬಂದೆ.

“ನೀವೂ ತಿಂದ್ರಾ?”

“ಒಂದು ಚೂರು. ಸಿಹಿ ಉಂಟಾ ಅಂತ ನೋಡ್ಲಿಕ್ಕೆ.”

ಒಂದು ಕಡೆ ಆ ಕೂಸು, ಇನ್ನೊಂದು ಕಡೆ ಇವರು. ಯಾರಿಗೆ ಮೊದಲು ಹೆದರಬೇಕೆಂದೇ ತಿಳಿಯಲಿಲ್ಲ. ಇವರ ಹಣೆ ಮುಟ್ಟಿ ನೋಡಿದೆ, ತಣ್ಣಗಿತ್ತು. ಮುಟ್ಟಿದ ಕೈಯನ್ನು ಎಲ್ಲಿ ಒರೆಸಿಕೊಳ್ಳಲಿ ಎಂದು ಒಂದು ಕ್ಷಣ ಯೋಚನೆ ಬಂತು, ಆ ಯೋಚನೆಗೆ ನಾಚಿಕೆಯೂ ಆಯಿತು.

“ನಿಶಾಳಿಗೆ ಹೇಳ್ಬೇಕು,” ಎಂದೆ.

“ಸ್ವಲ್ಪ ನಿಲ್ಲು,” ಎಂದರು. ವಕೀಲರು ಎಚ್ಚೆತ್ತುಕೊಂಡಿದ್ದರು. “ಬಾವಲಿಯೇ ಕಚ್ಚಿದ್ದು ಅನ್ಲಿಕ್ಕೆ ಸಾಕ್ಷಿ ಎಂತ ಉಂಟು? ಆ ಹಣ್ಣು ಈಗ ಇಲ್ಲ. ಜ್ವರ ಅಂದ್ರೆ ನೂರು ಬಗೆ. ನೀನು ಆ ಹೆಸರು ಎತ್ತಿದ ಕೂಡ್ಲೇ ಮಗುವನ್ನು ತಾಯಿಯಿಂದ ಬೇರೆ ಮಾಡಿ ಕೋಣೆಗೆ ಹಾಕ್ತಾರೆ. ಟೀವಿಯವರು ಬರ್ತಾರೆ. ರೂಟ್ ಮ್ಯಾಪ್ ಹಾಕ್ತಾರೆ. ಮೊದಲನೇ ಚುಕ್ಕೆಯೇ ನಮ್ಮ ಮನೆ.”

ಇಲ್ಲಿ ಇಂಥ ರೋಗ ಕಂಡರೆ ರೋಗಿ ಹೋದ ಬಂದ ಜಾಗವನ್ನೆಲ್ಲ ನಕ್ಷೆ ಮಾಡಿ ಸರಕಾರ ಪ್ರಕಟಿಸುತ್ತದೆ. ಯಾವ ರೈಲು, ಯಾವ ಅಂಗಡಿ, ಯಾವ ಬೇಕರಿ, ಎಲ್ಲ. ಜನರ ಜೀವ ಉಳಿಯುವುದು ಅದರಿಂದಲೇ. ಆದರೆ ಆ ನಕ್ಷೆಯಲ್ಲಿ ತಮ್ಮ ಮನೆ ಇರಲಿ ಎಂದು ಯಾರೂ ಬಯಸುವುದಿಲ್ಲ.

“ಹೇಳಿಕೆ ಅಂದ್ರೆ ಬಾಣದ ಹಾಗೆ ಸುಮಿತ್ರ. ಒಮ್ಮೆ ಕೊಟ್ರೆ ವಾಪಸು ತೆಗೀಲಿಕ್ಕೆ ಆಗುದಿಲ್ಲ. ನಾಳೆವರೆಗೆ ನೋಡುವ.”

ಅವರನ್ನು ಬೈಯುವುದು ಸುಲಭ. ನನಗೂ ಅದೇ ಆಸೆ ಇತ್ತು, ನಾಳೆವರೆಗೆ ನೋಡುವ ಆಸೆ. ನಿಶಾ ನನ್ನನ್ನು ನಂಬಿ ಮಗಳನ್ನು ಬಿಟ್ಟಿದ್ದಳು. ನಾನು ತೋರಿಸಿ ತೋರಿಸಿ ಮೆರೆದ ತೋಟವೇ ಅವಳ ಮಗಳನ್ನು ತಿಂದಿತೆಂದು ಯಾವ ಬಾಯಿಯಿಂದ ಹೇಳಲಿ? ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬಂಥ ಒಂದು ದಾರಿಗಾಗಿ ಮನಸ್ಸು ಹುಡುಕುತ್ತಿತ್ತು. ಅಷ್ಟರಲ್ಲಿ ನಿಶಾಳದೇ ಇನ್ನೊಂದು ಫೋನು.

“ಅಕ್ಕ, ಒಂಥರಾ ಮಂಪರಲ್ಲಿದ್ದಾಳೆ. ಏನೇನೋ ಮಾತಾಡ್ತಾಳೆ. ಕಪ್ಪೆ ಎಲ್ಲಿ, ಕಪ್ಪೆ ಎಲ್ಲಿ ಅಂತ ಕೇಳ್ತಾಳೆ. ನನ್ನ ಮೈಮೇಲೇ ಮಲಗಿಸಿಕೊಂಡಿದ್ದೇನೆ. ಈಗಷ್ಟೇ ಒಂದು ಗುಟುಕು ಹಾಲು ಕುಡಿದ್ಲು, ಉಳಿದದ್ದು ನಾನೇ ಕುಡಿದೆ. ಯಾಕೋ ಹೆದ್ರಿಕೆ ಆಗ್ತದೆ ಅಕ್ಕ.”

ನಿಪಾ ರೋಗಿಯ ಎಂಜಲಿನಿಂದಲೂ ಹರಡುತ್ತದೆ. ಹಾಲಿನ ಮಾತು ಕೇಳಿದ ಮೇಲೆ ನನಗೆ ಬೇರೆ ದಾರಿ ಉಳಿಯಲಿಲ್ಲ. ಮೋಹನರು ಬೇಡ ಎಂದು ಕೈಯಾಡಿಸುತ್ತಿದ್ದಂತೆಯೇ ಹೇಳಿಬಿಟ್ಟೆ. ಪೇರಳೆ ಎಂದೆ, ಬಾವಲಿ ಎಂದೆ. ನಿಪಾ ಎಂಬ ಹೆಸರನ್ನು ನಾನು ಹೇಳಲಿಲ್ಲ, ಹೇಳುವ ಅಗತ್ಯವೂ ಬರಲಿಲ್ಲ. ಆ ಕಡೆಯಿಂದ “ರಂಜನ್” ಎಂದು ಒಂದು ಕೂಗು ಕೇಳಿಸಿತು. ನಿಶಾಳ ಗಂಟಲಿನಿಂದ ಅಂಥ ಕೂಗನ್ನು ನಾನು ಹಿಂದೆ ಕೇಳಿರಲಿಲ್ಲ. ಫೋನು ಕಟ್ಟಾಯಿತು.

ಮತ್ತೆ ನಡೆದದ್ದೆಲ್ಲ ನಮಗೆ ಗೊತ್ತಾದದ್ದು ರಂಜನನ ಚುಟುಕು ಮಾತುಗಳಿಂದ. ಆಂಬ್ಯುಲೆನ್ಸ್ ಬಂತು. ಮಗುವನ್ನು ಹತ್ತಿರದ ದೊಡ್ಡ ಆಸ್ಪತ್ರೆಯಲ್ಲಿ ಪ್ರತ್ಯೇಕ ಕೋಣೆಗೆ ಸೇರಿಸಿದರು. ನಿಶಾಳನ್ನೂ ಅವನನ್ನೂ ಬೇರೆ ಬೇರೆ ಕೋಣೆಯಲ್ಲಿ ಇರಿಸಿದರು. ರಕ್ತ, ಗಂಟಲಿನ ದ್ರವ ಪರೀಕ್ಷೆಗೆ ಹೋಯಿತು. ನಮಗೆ ಆರೋಗ್ಯ ಇಲಾಖೆಯಿಂದ ಕರೆ ಬಂತು. ಆ ಹೆಣ್ಣುಮಗಳು ಮಲಯಾಳದಲ್ಲಿ ಎಷ್ಟು ಮೆತ್ತಗೆ ಮಾತಾಡಿದಳೆಂದರೆ ಅದನ್ನು ಕೇಳಿಯೇ ನನಗೆ ಇನ್ನಷ್ಟು ಹೆದರಿಕೆಯಾಯಿತು. ಚೇಟನೂ ಚೇಚಿಯೂ, ಎಂದರೆ ಅಣ್ಣನೂ ಅಕ್ಕನೂ, ಮನೆಯಿಂದ ಹೊರಗೆ ಹೋಗಬಾರದು, ಬೇರೆ ಬೇರೆ ಕೋಣೆಯಲ್ಲಿರಬೇಕು, ದಿನಾ ಜ್ವರ ನೋಡಿಕೊಂಡು ಹೇಳಬೇಕು, ತಿರುವನಂತಪುರಕ್ಕೆ ಖಂಡಿತ ಹೊರಡಬಾರದು.

ಹೀಗೆ ನಾವು ನಮ್ಮದೇ ಮನೆಯಲ್ಲಿ ಕೈದಿಗಳಾದೆವು. ಇವರು ಮುಂದಿನ ಕೋಣೆ, ನಾನು ಹಿಂದಿನ ಕೋಣೆ. ನನ್ನ ಕಿಟಕಿ ತೋಟಕ್ಕೇ ತೆರೆಯುವಂಥದ್ದು. ಊಟದ ತಟ್ಟೆಯನ್ನು ಅವರ ಬಾಗಿಲ ಹೊರಗೆ ಇಟ್ಟು ದೂರ ಬಂದು ನಿಲ್ಲುತ್ತಿದ್ದೆ. ಅವರು ಬಾಗಿಲು ತೆರೆದು, ಒಮ್ಮೆ ನನ್ನನ್ನು ನೋಡಿ, ತಟ್ಟೆ ಎಳೆದುಕೊಳ್ಳುತ್ತಿದ್ದರು. ಒಂದು ಸಲ ಕೆಮ್ಮಿದರು. ಒಲೆಯ ಮುಂದೆ ನಿಂತಿದ್ದ ನಾನು ಒಲೆ ಆರಿಸಿ ಇನ್ನೊಂದು ಕೆಮ್ಮಿಗೆ ಕಿವಿಗೊಟ್ಟೆ.

“ಮೆಣಸು ಜಾಸ್ತಿ ಆಗಿದೆ ಸಾರಿಗೆ!” ಎಂದು ಒಳಗಿಂದ ಕೂಗಿದರು. ನನ್ನ ಎದೆಬಡಿತ ಅವರಿಗೆ ಗೋಡೆಯಾಚೆಗೂ ಕೇಳಿಸಿರಬೇಕು.

ಸುದ್ದಿಯನ್ನು ನಾವು ಯಾರಿಗೂ ಹೇಳಿರಲಿಲ್ಲ, ಆದರೂ ಬೀದಿಗೆಲ್ಲ ಗೊತ್ತಾಯಿತು. ಆರೋಗ್ಯ ಕಾರ್ಯಕರ್ತೆ ಗೇಟಿನ ಹೊರಗೇ ನಿಂತು ಮಾತಾಡಿಸಿ ಹೋದದ್ದನ್ನು ಜನ ನೋಡದೆ ಇರುತ್ತಾರೆಯೇ? ಹಾಲಿನವನು ಪ್ಯಾಕೆಟ್ಟನ್ನು ಗೇಟಿನಿಂದಾಚೆ ಮಣ್ಣಿನಲ್ಲೇ ಇಟ್ಟು ಓಡಿದ. ಪಕ್ಕದ ಮನೆಯ ಅಲ್ವಿನ್ ಒಳ್ಳೆಯವನು, ಹತ್ತಿರದ ಕಾರ್ಖಾನೆಯಲ್ಲಿ ಕೆಲಸ. ಕ್ರಿಸ್ಮಸ್ಸಿಗೆ ಕೇಕು, ಈಸ್ಟರಿಗೆ ಅಪ್ಪಂ ತಪ್ಪಿಸದವನು. ಅವನ ಮನೆಯಲ್ಲಿ ನಮ್ಮ ಕಡೆಯ ಕಿಟಕಿಗಳು ಒಂದೊಂದಾಗಿ ಮುಚ್ಚಿದವು. ಮರುದಿನ ಅವನು ಮಾಸ್ಕ್ ಹಾಕಿ ಕಂಪೌಂಡಿನಿಂದ ಮಾರು ದೂರ ನಿಂತು ಕೂಗಿದ.

“ಚೇಚೀ, ಮರ ಕಡಿಯಬೇಕು ಅಂತ ನಮ್ಮ ರೆಸಿಡೆಂಟ್ಸ್ ಅಸೋಸಿಯೇಷನ್ನಿನಲ್ಲಿ ಎಲ್ಲರೂ ಹೇಳ್ತಾ ಇದ್ದಾರೆ. ನನಗೆ ಎರಡು ಸಣ್ಣ ಮಕ್ಕಳಿದ್ದಾರೆ. ಚೇಚಿ ಬೇಸರ ಮಾಡ್ಕೊಳ್ಳಬಾರದು.” ಅವನು ಹೇಳಿದ್ದು ಮಲಯಾಳದಲ್ಲಿ. ಕೊನೆಯ ಮಾತಿಗೆ ಅವನ ದನಿ ಒಡೆಯಿತು. ಹೆದರಿದವರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಹೇಗೆ?

ನಾನು ಪಶುವೈದ್ಯ ಇಲಾಖೆಗೆ ಫೋನು ಮಾಡಿ ಕೇಳಿದೆ. ಅಲ್ಲಿನ ಡಾಕ್ಟರರು ಮರ ಕಡಿಯಬೇಡಿ, ಪಟಾಕಿ ಹೊಡೆಯಬೇಡಿ, ಗಾಬರಿಯಾದ ಬಾವಲಿಯೇ ಹೆಚ್ಚು ಅಪಾಯ, ಕಚ್ಚಿದ ಹಣ್ಣನ್ನು ಕೈಗವಸು ಹಾಕಿ ಹೂತುಬಿಡಿ ಎಂದರು. ನಾನು ತಲೆಯಾಡಿಸುತ್ತ ಕೇಳಿಸಿಕೊಂಡೆ. ಇದೆಲ್ಲ ನನಗೆ ಗೊತ್ತಿದ್ದದ್ದೇ. ನಾನೇ ಬೇರೆಯವರಿಗೆ ಹತ್ತು ಸಲ ಹೇಳಿದ್ದು.

ಅವತ್ತು ಸಂಜೆ ಕಿಟಕಿಯಲ್ಲಿ ನಿಂತಿದ್ದೆ. ಮೊದಲ ಬಾವಲಿ ಬಂತು. ರೆಕ್ಕೆ ಬಡಿಯುವ ಸದ್ದು ಒದ್ದೆ ಬಟ್ಟೆ ಕೊಡವಿದ ಹಾಗಿತ್ತು. ಅತ್ತಿಯ ಕೊಂಬೆಗೆ ಜೋತುಬಿದ್ದು, ರೆಕ್ಕೆಯನ್ನು ಮೈಗೆ ಸುತ್ತಿಕೊಂಡು, ನಾಯಿಮರಿಯಂಥ ಮುಖ ತಿರುಗಿಸಿ ನನ್ನನ್ನೇ ನೋಡಿತು. ಅದೇ ಮುಖ ಕಂಡು ಹೋದ ವರ್ಷ ಮುದ್ದು ಬಂದಿತ್ತು. ಈಗ ಕಿಟಕಿಯಿಂದ ಒಂದು ಹೆಜ್ಜೆ ಹಿಂದೆ ಸರಿದೆ. ಎರಡನೆಯದು ಬಂತು. ಮೂರನೆಯದು ಬಂತು. ಒಂದು ಎಲ್ಲವನ್ನೂ ಬಿಟ್ಟು ಪೇರಳೆಗೆ ಹೋಯಿತು. ಆಚೆ ತಿರುವನಂತಪುರದ ಆಸ್ಪತ್ರೆಯಲ್ಲಿ ನನ್ನ ತಂಗಿಯ ಮಗು ಒಂಟಿಯಾಗಿ ಮಲಗಿದೆ, ಮೈಗೆಲ್ಲ ಬಿಳಿ ಉಡುಪು ತೊಟ್ಟವರು ಅದರ ಕೈಗೆ ಸೂಜಿ ಚುಚ್ಚುತ್ತಿದ್ದಾರೆ, ಇವು ಇಲ್ಲಿ ಔತಣ ಮಾಡುತ್ತಿವೆ. ಅಡುಗೆಮನೆಗೆ ಹೋಗಿ ತೆಂಗಿನಕಾಯಿ ಒಡೆಯುವ ಕತ್ತಿ ತೆಗೆದುಕೊಂಡೆ. ಅತ್ತಿಯನ್ನು ಬುಡಸಮೇತ ಕಡಿಯಬೇಕು, ಈ ಇಡೀ ಕಾಡಿಗೆ ಸೀಮೆಎಣ್ಣೆ ಸುರಿಯಬೇಕು ಎನಿಸಿತು. ಹಿಂಬಾಗಿಲು ತೆರೆದ ಸದ್ದಿಗೆ ಮೋಹನರು ತಮ್ಮ ಕೋಣೆಯಿಂದ ಹೊರಗೆ ಬಂದರು.

“ಎಲ್ಲಿಗೆ?”

“ಕಡಿತೇನೆ.”

“ಈಗ? ಅವುಗಳ ತಲೆ ಮೇಲೇ? ಮೂತ್ರ ಜೊಲ್ಲು ಎಲ್ಲ ಮೈಮೇಲೆ ಸುರಿಸಿಕೊಳ್ಳಿಕ್ಕಾ?”

“ಹಾಗಾದ್ರೆ ನಿಮ್ಮ ಪೇರಳೆ ಕಡಿತೇನೆ!”

“ಕಡಿ. ಬೆಳಿಗ್ಗೆ ನಾನೇ ಕಡಿತೇನೆ. ಆದ್ರೆ ಹಣ್ಣು ಕೊಟ್ಟದ್ದು ಮರ ಅಲ್ಲ, ನಾನು.” ಅವರು ಗೋಡೆಗೆ ಒರಗಿ ನಿಂತಿದ್ದರು. ಹತ್ತಿರ ಬರಲಿಲ್ಲ; ಬರಬಾರದಿತ್ತು. “ಅವಳು ಬೇಡ ಅಂದಿದ್ಲು ಗೊತ್ತುಂಟಾ? ಟೀಚರ್ ಹೇಳಿದ್ದಾರೆ ಕಚ್ಚಿದ್ದು ತಿನ್ಬಾರ್ದು ಅಂತ. ನಾನು ನಗಾಡಿದೆ. ನಿನ್ನ ಟೀಚರಿಗೆ ಎಂತ ಗೊತ್ತು, ಗಿಳಿ ಕಚ್ಚಿದ್ದೇ ರುಚಿ, ನಿನ್ನ ಅಜ್ಜಿ ನಿನ್ನ ಅಮ್ಮನಿಗೂ ಅದನ್ನೇ ಕೊಡ್ತಿದ್ರು ಅಂದೆ. ಅವಳು ನನ್ನ ಮುಖ ನೋಡಿ ತಿಂದ್ಲು.”

ಹೇಳಿ ಮುಗಿಸುವಷ್ಟರಲ್ಲಿ ಅತ್ತುಬಿಟ್ಟರು. ಇಷ್ಟು ವರ್ಷ ಸಂಸಾರ ಮಾಡಿ, ಅವರು ಅಳುವಾಗ ಮುಟ್ಟದೆ ದೂರ ನಿಂತದ್ದು ಅದೇ ಮೊದಲು. ಕತ್ತಿಯನ್ನು ಕಟ್ಟೆಯ ಮೇಲಿಟ್ಟೆ.

ಫಲಿತಾಂಶ ಬಂದದ್ದು ಮರುದಿನ ಮಧ್ಯಾಹ್ನ. ರಂಜನ್ ಫೋನು ಮಾಡಿದಾಗ ಎತ್ತಲು ಕೈ ಬರಲಿಲ್ಲ. ಅವನು ಮೋಹನರ ಫೋನಿಗೆ ಮಾಡಿದ, ಅವರು ತಮ್ಮ ಕೋಣೆಯಲ್ಲಿ ಎತ್ತಿದರು. ನಾನು ನಡುಮನೆಯಲ್ಲಿ ಕಂಬದ ಹಾಗೆ ನಿಂತಿದ್ದೆ. “ಹ್ಞೂಂ... ಹ್ಞೂಂ...” ಎನ್ನುತ್ತಲೇ ಇದ್ದರು. ಆ ಹ್ಞೂಂಕಾರದಲ್ಲಿ ಬದುಕಿದೆಯೋ ಸಾವಿದೆಯೋ ತಿಳಿಯದೆ ನನ್ನ ಜೀವ ಬಾಯಿಗೆ ಬಂದಿತ್ತು.

“ನಿಪಾ ಅಲ್ಲ,” ಎಂದರು ಕಡೆಗೆ. “ಡೆಂಗಿ. ಜ್ವರ ಇಳೀತಾ ಉಂಟಂತೆ.”

ನಾನು ನೆಲದ ಮೇಲೆ ಕುಳಿತುಬಿಟ್ಟೆ. ಡೆಂಗಿ ಎಂದು ಕೇಳಿ ದೇವರಿಗೆ ಕೈಮುಗಿದವಳು ಈ ಊರಿನಲ್ಲಿ ನಾನೊಬ್ಬಳೇ ಇರಬೇಕು. ಅಲ್ವಿನ್ ಕಿಟಕಿಗಳನ್ನು ತೆರೆದ. ಹಾಲಿನವನು ಗೇಟಿನ ಒಳಗೆ ಬಂದ. ಪೇರಳೆ ಮರವನ್ನು ಮೋಹನರೇ ನಿಂತು ಕಡಿಸಿದರು, ಒಂದು ಬೆಳಿಗ್ಗೆ, ಕೈಗವಸು ಮಾಸ್ಕ್ ಹಾಕಿಸಿ. ಅತ್ತಿಯನ್ನು ಡಾಕ್ಟರರ ಮಾತು ಮುಂದಿಟ್ಟು ಅಸೋಸಿಯೇಷನ್ನಿನವರಿಂದ ಅವರೇ ಉಳಿಸಿದರು. ಆ ಸಭೆಯಲ್ಲಿ ಅವರು ಮಾಡಿದ ವಾದ ಕೋರ್ಟಿನಲ್ಲಿ ಮಾಡಿದ್ದರೆ ಇಷ್ಟರಲ್ಲಿ ಜಡ್ಜಾಗಿರುತ್ತಿದ್ದರು. ಬಾವಲಿಗಳು ಈಗಲೂ ಬರುತ್ತವೆ. ನಾನು ಈಗಲೂ ನೋಡುತ್ತೇನೆ, ಕಿಟಕಿ ಮುಚ್ಚಿಕೊಂಡು.

ಆದರೆ ನಿಶಾ ಮಾತಾಡಲಿಲ್ಲ. ಫೋನು ಮಾಡಿದರೆ ರಂಜನ್ ಎತ್ತುತ್ತಿದ್ದ. ಮಗು ಮನೆಗೆ ಬಂತು, ಊಟ ಮಾಡುತ್ತಿದೆ, ನಿಶಾ ಸ್ನಾನಕ್ಕೆ ಹೋಗಿದ್ದಾಳೆ ಎನ್ನುತ್ತಿದ್ದ. ಒಬ್ಬಳು ದಿನಕ್ಕೆ ಎಷ್ಟು ಸಲ ಸ್ನಾನ ಮಾಡಿಯಾಳು? ತಂಗಿಗೆ ನನ್ನ ಮೇಲೆ ಸಿಟ್ಟು ಎಂದುಕೊಂಡೆ. ಬೈಸಿಕೊಳ್ಳೋಣ, ಬೇಕಾದರೆ ಕಾಲು ಹಿಡಿಯೋಣ ಎಂದು, ಶಾಲೆ ಶುರುವಾದ ಮೇಲೊಂದು ಶನಿವಾರ ಇಬ್ಬರೂ ಬೆಳಗಿನ ರೈಲು ಹತ್ತಿದೆವು.

ಬಾಗಿಲು ತೆರೆದ ನಿಶಾ ಬೈಯಲಿಲ್ಲ. ಬಂದ್ರಾ ಎಂದಳು, ನನ್ನ ಕೈಚೀಲ ತೆಗೆದುಕೊಂಡಳು. ಸೊರಗಿದ್ದಳು. ಮೋಹನರು ರಂಜನನ ಜೊತೆ ಮುಂದಿನ ಕೋಣೆಯಲ್ಲಿ ಕುಳಿತರು. ನಾನು ಅವಳ ಹಿಂದೆ ಅಡುಗೆಮನೆಗೆ ಹೋದೆ.

“ನಿನಗೆ ನನ್ನ ಮೇಲೆ ತುಂಬ ಸಿಟ್ಟು ಅಂತ ಗೊತ್ತುಂಟು,” ಎಂದೆ.

“ಸಿಟ್ಟಾ?” ಅವಳು ನಲ್ಲಿ ತಿರುಗಿಸಿ ಪಾತ್ರೆ ತೊಳೆಯತೊಡಗಿದಳು, ತೊಳೆದದ್ದನ್ನೇ. “ನೀನು ಹೇಳಿದ್ದು ಸರಿಯೇ ಅಕ್ಕ. ಹೇಳದಿದ್ರೆ ತಪ್ಪಾಗ್ತಿತ್ತು. ನೀನು ಹೇಳಿದ ಮೇಲೆ ನಾನು ಎಂತ ಮಾಡಿದೆ ಗೊತ್ತುಂಟಾ? ಅವಳು ನನ್ನ ಎದೆ ಮೇಲೆ ಮಲಗಿದ್ಲಲ್ಲ, ದೂಡಿದೆ. ಇಳಿಸಿದ್ದಲ್ಲ, ದೂಡಿದ್ದು. ಎದ್ದು ಹೋಗಿ ಗೋಡೆಗೆ ಅಂಟಿ ನಿಂತೆ. ಅವಳಿಗೆ ಆಗ ಎಚ್ಚರ ಆಯ್ತು. ಅಮ್ಮೇ ವಾ, ಅಮ್ಮೇ ವಾ ಅಂತ ಕೈ ಚಾಚಿದ್ಲು. ನಾನು ಹೋಗ್ಲಿಲ್ಲ. ಹತ್ತಿರ ಬರ್ಬೇಡ ಅಂತ ಕಿರುಚಿದೆ. ಆಂಬ್ಯುಲೆನ್ಸ್ ಬರುವವರೆಗೂ ಹಾಗೇ ನಿಂತಿದ್ದೆ. ಬಿಳಿ ಬಟ್ಟೆಯವರು ಎತ್ತಿಕೊಂಡು ಹೋಗುವಾಗ್ಲೂ ಒಂದು ಹೆಜ್ಜೆ ಮುಂದೆ ಇಡ್ಲಿಲ್ಲ.”

“ಹೆದ್ರಿಕೆಗೆ ಯಾರಾದ್ರೂ ಹಾಗೇ ಮಾಡ್ತಿದ್ರು ನಿಶಾ,” ಎಂದೆ. ಮೋಹನರ ಹಣೆ ಮುಟ್ಟಿದ ಕೈಯನ್ನು ಒರೆಸಿಕೊಳ್ಳಲು ಜಾಗ ಹುಡುಕಿದವಳು ನಾನು. ಅದನ್ನು ಹೇಳಬೇಕೆಂದುಕೊಂಡೆ, ಬಾಯಿ ಬರಲಿಲ್ಲ.

“ಅಮ್ಮ ಆದವಳು ಹಾಗೆ ಮಾಡುದಿಲ್ಲ,” ಎಂದಳು. “ಅವಳು ಈಗ ನನ್ನ ಹತ್ತಿರ ಬರುದಿಲ್ಲ. ಹೋಗಿ ನೋಡು.”

ಪ್ರತೀಕ್ಷಾ ಒಳಗಿನ ಕೋಣೆಯಲ್ಲಿ ನೆಲದ ಮೇಲೆ ಕುಳಿತು ಚಿತ್ರಕ್ಕೆ ಬಣ್ಣ ಹಚ್ಚುತ್ತಿದ್ದಳು. ಮೈ ಇಳಿದು ಕಣ್ಣು ಮಾತ್ರ ದೊಡ್ಡದಾಗಿ ಕಾಣುತ್ತಿತ್ತು. ಕಿಟಕಿಯ ಕಟ್ಟೆಯ ಮೇಲೆ ಅವಳ ತಟ್ಟೆ, ಲೋಟ, ಚಮಚ ಬೇರೆಯಾಗಿ ಜೋಡಿಸಿದ್ದವು. ಯಾರೂ ಹೇಳದೆ ಅವಳೇ ಮಾಡಿಕೊಂಡ ಏರ್ಪಾಟು ಎಂದು ಆಮೇಲೆ ಗೊತ್ತಾಯಿತು. ಉಂಡ ತಟ್ಟೆಯನ್ನು ಅವಳೇ ತೊಳೆಯುತ್ತಾಳಂತೆ, ಬೇರೆಯವರಿಗೆ ಮುಟ್ಟಲು ಬಿಡುವುದಿಲ್ಲವಂತೆ. ನನ್ನನ್ನು ಕಂಡು ನಕ್ಕಳು. ನಾನು ಎಂದಿನಂತೆ ಎರಡೂ ಕೈ ಚಾಚಿ ಹೋದೆ. ಅವಳು ಕುಳಿತಲ್ಲಿಂದಲೇ ಹಿಂದಕ್ಕೆ ಸರಿದು ಗೋಡೆಗೆ ಅಂಟಿದಳು. ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟಳು.

“ತೊಡಂಡ ವಲ್ಯಮ್ಮೇ,” ಎಂದಳು. ಮುಟ್ಟಬೇಡ ದೊಡ್ಡಮ್ಮ. ಕನ್ನಡ ಅವಳಿಗೆ ತಿಳಿಯುತ್ತದೆ, ಉತ್ತರ ಮಾತ್ರ ಯಾವಾಗಲೂ ಮಲಯಾಳದಲ್ಲೇ. “ಪನಿ ಪಗರುಂ.” ಜ್ವರ ಹರಡುತ್ತದೆ.

ಆ ಮಗು ತನಗಾಗಿ ಹೆದರಿರಲಿಲ್ಲ. ತನ್ನನ್ನು ಮುಟ್ಟಿದವರಿಗೆಲ್ಲ ಏನಾದೀತೋ ಎಂದು ಹೆದರಿಕೊಂಡಿತ್ತು. ಬಾವಲಿಯನ್ನು ನಾನು ನೋಡಿದ ಹಾಗೆ ಅವಳು ತನ್ನನ್ನೇ ನೋಡಿಕೊಳ್ಳುತ್ತಿದ್ದಳು. ಹತ್ತಿರ ಹೋಗದೆ ಅಲ್ಲೇ ನೆಲಕ್ಕೆ ಕುಳಿತೆ.

“ಜ್ವರ ಹೋಯ್ತಲ್ಲ ಪುಟ್ಟಿ. ಡಾಕ್ಟರು ಪರೀಕ್ಷೆ ಮಾಡಿದ್ರು. ಆ ಕೆಟ್ಟ ರೋಗ ನಿನಗೆ ಇಲ್ಲ. ಬರ್ಲೇ ಇಲ್ಲ. ನಿನ್ನನ್ನು ಮುಟ್ಟಿದ್ರೆ ಯಾರಿಗೂ ಎಂತದೂ ಆಗುದಿಲ್ಲ.”

ಅವಳು ತುಂಬ ಹೊತ್ತು ನನ್ನ ಮುಖವನ್ನೇ ನೋಡಿದಳು. ಮಾತು ನಿಜವೋ ಸುಳ್ಳೋ ಎಂದು ತೂಗಿ ನೋಡುತ್ತಿದ್ದಳು. ದೊಡ್ಡವರ ಮಾತನ್ನು ಸುಮ್ಮನೆ ನಂಬುವ ಮಗು ಅವಳೀಗ ಆಗಿರಲಿಲ್ಲ. ಕಡೆಗೆ ಅಡುಗೆಮನೆಯ ಕಡೆಗೊಮ್ಮೆ ಕಣ್ಣು ಹಾಯಿಸಿ, ಅಲ್ಲಿಗೆ ಕೇಳಿಸಬಾರದೆಂದು ದನಿ ತಗ್ಗಿಸಿ ಕೇಳಿದಳು.

“ಅದ್ ಅಮ್ಮಯ್ಕ್ ಅರಿಯಾಮೋ?”

ಅದು ಅಮ್ಮನಿಗೆ ಗೊತ್ತುಂಟಾ?

ಅಡುಗೆಮನೆಯಲ್ಲಿ ನಲ್ಲಿಯ ಸದ್ದು ನಿಂತಿತು. ನಾನು ತಲೆ ಎತ್ತಿದೆ. ನಿಶಾ ಬಾಗಿಲಿಗೆ ಬಂದಿದ್ದಳು, ಒದ್ದೆ ಕೈಗಳಿಂದ ನೀರು ತೊಟ್ಟಿಕ್ಕುತ್ತಿತ್ತು.

“ಗೊತ್ತುಂಟು ಪುಟ್ಟ,” ಎಂದಳು. “ಅಮ್ಮನಿಗೆ ಗೊತ್ತುಂಟು.”

ಪ್ರತೀಕ್ಷಾ ಬೆನ್ನ ಹಿಂದಿನ ಕೈಗಳನ್ನು ಹೊರಗೆ ತೆಗೆಯಲಿಲ್ಲ. ನಿಶಾ ಹೊಸ್ತಿಲ ಮೇಲೆ ಒಂದು ಕಾಲಿಟ್ಟವಳು ಇನ್ನೊಂದನ್ನು ಎತ್ತಿಡಲಾರದೆ ನಿಂತಳು. ಮಗಳು ಮತ್ತೆ ಹಿಂದೆ ಸರಿದಾಳೆಂದು ಈಗ ಹತ್ತಿರ ಹೋಗಲು ಅವಳಿಗೇ ಹೆದರಿಕೆ.